ಕೂರ್ಮಗಡದಿಂದ ಕಾಣುವ ಸೀರೆ

ಪುಷ್ಯ ಹುಣ್ಣಿಮೆಯ ಮಾರನೆಯ ದಿನ, ಬೆಳಿಗ್ಗೆ ಆರೂ ನಲವತ್ತು. ಅಂಕೋಲೆ.

ನಿನ್ನೆ ಕಾರವಾರದಿಂದ ಕೊನೆಯ ಬಸ್ಸಿಗೆ ಬಂದವಳು ಚೀಲ ಬಿಚ್ಚದೆ ಹಾಗೇ ಮಲಗಿದ್ದೆ. ಈಗ ಬಿಚ್ಚಿ ಕೊಡವಿದರೆ ಒಂದಿಷ್ಟು ಮರಳು, ಪ್ರಸಾದದ ಬಾಳೆಹಣ್ಣು, ಉಪ್ಪುನೀರಿನಲ್ಲಿ ಒದ್ದೆಯಾಗಿ ಒಣಗಿ ಹಪ್ಪಳದಂತಾದ ಟವೆಲು, ಅದರ ಹಿಂದೆಯೇ ಬಟ್ಟೆ ಒಣಹಾಕುವ ನೀಲಿ ಕ್ಲಿಪ್ಪೊಂದು ಬಿತ್ತು. ಕ್ಲಿಪ್ಪು ನನ್ನದಲ್ಲ. ನನ್ನ ಹಗ್ಗದ ಮೇಲಿರುವುದೆಲ್ಲ ಮರದವು. ಇದು ಕಾರವಾರದ ಕೋಡಿಬಾಗದಲ್ಲಿರುವ ಗಿರಿಜತ್ತೆಯ ಅಂಗಳದ್ದು. ನಿನ್ನೆ ಇಡೀ ದಿನ ಅದು ಇರಬೇಕಾಗಿದ್ದದ್ದು ನನ್ನ ಚೀಲದಲ್ಲಲ್ಲ.

ಕ್ಲಿಪ್ಪಿನಿಂದಲೇ ಶುರುಮಾಡಿದರೆ ನಿಮಗೆ ತಲೆಬುಡ ತಿಳಿಯದು. ರಜೆಯಿಂದ ಶುರುಮಾಡುತ್ತೇನೆ. ರಜೆಯ ವಿಷಯದಲ್ಲಿ ನಾನು ಸ್ವಲ್ಪ ಅಧಿಕಾರದಿಂದಲೇ ಮಾತಾಡಬಲ್ಲೆ. ಇಲ್ಲಿಯ ಒಂದು ಕಾಲೇಜಿನ ಕಚೇರಿಯಲ್ಲಿ ನನಗೆ ಕೆಲಸ. ಪ್ರತಿವರ್ಷ ಡಿಸೆಂಬರ್ ಕೊನೆಗೆ ಮುಂದಿನ ವರ್ಷದ ರಜೆಗಳನ್ನು ಟೈಪು ಮಾಡಿ ನೋಟೀಸ್ ಬೋರ್ಡಿಗೆ ಹಚ್ಚುವವಳು ನಾನೇ. ಆ ಒಂದು ದಿನ ನನ್ನ ಮೇಜಿನ ಸುತ್ತ ಇರುವಷ್ಟು ಜನ ಸಂಬಳದ ದಿನವೂ ಇರುವುದಿಲ್ಲ. ಯಾವುದಾದರೂ ಹಬ್ಬ ಭಾನುವಾರಕ್ಕೆ ಬಿದ್ದಿದ್ದರೆ ನಮ್ಮ ಅಟೆಂಡರ್ ಗಣಪಣ್ಣ ಪರದೆಯ ಮೇಲೆ ಬೆರಳಿಟ್ಟು, "ಹೋಯ್ತು ಮೇಡಂ, ಇದೊಂದು ಸತ್ತಿತು" ಎಂದು ನಿಟ್ಟುಸಿರು ಬಿಡುತ್ತಾರೆ. ಹೋದ ಹಬ್ಬಕ್ಕೆ ಒಂದು ನಿಮಿಷ ಮೌನ ಆಚರಿಸುವುದೊಂದು ಬಾಕಿ.

ಟೈಪು ಮಾಡೀ ಮಾಡೀ ನನಗೊಂದು ವಿಷಯ ತಿಳಿದಿದೆ. ಸರ್ಕಾರದ ರಜೆಗಳೆಲ್ಲ ನೆಲದ ಮೇಲಿನವರಿಗೆ. ನಮ್ಮ ಕರಾವಳಿಯ ಅಸಲು ಹಬ್ಬಗಳು ಅದರಲ್ಲಿ ಸಿಗುವುದಿಲ್ಲ. ಅಂಕೋಲೆಯ ಬಂಡಿಹಬ್ಬ ಬೇಸಿಗೆಯ ರಜೆಯೊಳಗೆ ಬರುವುದರಿಂದ ನಾವು ಬಚಾವು. ಸುಗ್ಗಿಯ ಕುಣಿತದವರು ತುರಾಯಿ ಕಟ್ಟಿಕೊಂಡು ಕಾಲೇಜಿನ ಅಂಗಳಕ್ಕೇ ಬರುತ್ತಾರೆ, ಅವತ್ತು ರಜೆ ಕೊಡದಿದ್ದರೂ ಕೊಟ್ಟಂತೆ. ಆದರೆ ಪುಷ್ಯ ಹುಣ್ಣಿಮೆಯ ಕೂರ್ಮಗಡ ಮಾತ್ರ ಸಾರ್ವತ್ರಿಕ ರಜೆಯಲ್ಲೂ ಇಲ್ಲ, ಪರಿಮಿತ ರಜೆಯಲ್ಲೂ ಇಲ್ಲ. ಕಾರವಾರದ ಕಡಲಲ್ಲಿ ಬೆನ್ನು ತೋರಿಸಿ ಮಲಗಿದ ಆಮೆಯಂಥ ಆ ದ್ವೀಪದಲ್ಲಿ ನರಸಿಂಹನ ಗುಡಿಯಿದೆ. ವರ್ಷಕ್ಕೊಂದು ದಿನ ಜನರೆಲ್ಲ ದೋಣಿ ಹತ್ತಿ ಬಾಳೆಗೊನೆ ಒಪ್ಪಿಸಲು ಹೋಗುತ್ತಾರೆ. ಮೀನು ಹಿಡಿಯುವ ದೋಣಿಗಳು ಅವತ್ತು ಬಲೆಯನ್ನು ದಡದಲ್ಲೇ ಬಿಟ್ಟು, ಮಾವಿನ ತೋರಣ ಕಟ್ಟಿಕೊಂಡು, ನೆಂಟರ ಮನೆಗೆ ಹೊರಟವರ ಹಾಗೆ ಹೊರಡುತ್ತವೆ.

ರಜೆಯಿಲ್ಲದ ಹಬ್ಬಕ್ಕೆ ಹೋಗುವುದು ಹೇಗೆ? ಹೊಟ್ಟೆನೋವಿನಿಂದ. ನಾನು ಏಳನೆಯ ಇಯತ್ತೆಯ ತನಕ ಓದಿದ್ದು ಕೋಡಿಬಾಗದಲ್ಲಿ, ಗಿರಿಜತ್ತೆಯ ಮನೆಯಲ್ಲಿದ್ದು. ಗಿರಿಜತ್ತೆ ಅಪ್ಪನ ತಂಗಿ. ಅಪ್ಪ ಘಟ್ಟದ ದಾರಿಯ ಸುಂಕಸಾಳದಲ್ಲಿ ಅಂಗಡಿ ಇಟ್ಟಿದ್ದ, ಅಲ್ಲಿಗಿಂತ ಕೋಡಿಬಾಗದ ಶಾಲೆ ಒಳ್ಳೆಯದೆಂದು ನನ್ನನ್ನು ತಂಗಿಯ ಮನೆಯಲ್ಲಿ ಬಿಟ್ಟಿದ್ದ. ಆ ಶಾಲೆಯಲ್ಲಿ ಪುಷ್ಯ ಹುಣ್ಣಿಮೆಯಂದು ಅರ್ಧ ತರಗತಿಗೆ ಹೊಟ್ಟೆನೋವು ಬರುತ್ತಿತ್ತು. ಒಂದು ಸಲ ದ್ವೀಪದ ಏರಿನಲ್ಲಿ ನಾನು ಬೆಂಡು ಬತ್ತಾಸು ತಿನ್ನುತ್ತ ತಿರುಗುವಾಗ ಹೆಡ್ಮಾಸ್ತರರೇ ಎದುರಾದರು. ಹೆಗಲ ಮೇಲೆ ಬಾಳೆಗೊನೆ, ಮೊಣಕಾಲ ತನಕ ಮಡಚಿದ ಪ್ಯಾಂಟು.

"ಹೊಟ್ಟೆನೋವು ಈಗ ಹ್ಯಾಗುಂಟು?"

"ಕಡಿಮೆ ಆಯ್ತು ಸರ್."

"ನಂದೂ ಆಯ್ತು. ಇಬ್ರೂ ಯಾರಿಗೂ ಹೇಳೂದು ಬ್ಯಾಡ."

ಈ ಮಾತು ಯಾರಿಗೂ ಹೇಳಿರಲಿಲ್ಲ. ಅವರು ನಿವೃತ್ತರಾಗಿ ಬಹಳ ಕಾಲವಾಯಿತು, ಈಗ ಹೇಳಬಹುದು.

ನನ್ನನ್ನು ದ್ವೀಪಕ್ಕೆ ಕರೆದುಕೊಂಡು ಹೋಗುತ್ತಿದ್ದವರು ಗಿರಿಜತ್ತೆಯ ಗಂಡ ವಿಠೋಬ ಮಾಮಾ. ಅವರಿಗೆ ಬಂದರದ ಹತ್ತಿರ ಐಸ್ ಕಾರ್ಖಾನೆಯಲ್ಲಿ ಕೆಲಸ. ದೋಣಿಗಳು ಮೀನಿಗೆ ಹೋಗದ ದಿನ ಐಸು ಯಾರಿಗೆ ಬೇಕು? ಹಾಗಾಗಿ ಅವರಿಗೆ ಅವತ್ತು ತಾನಾಗಿಯೇ ರಜೆ. ಹಿಂದಿನ ದಿನವೇ ಸುಂಕಸಾಳದಿಂದ ಅಪ್ಪ ಬಸ್ಸಿನಲ್ಲಿ ಬಾಳೆಗೊನೆ ಕಳಿಸುತ್ತಿದ್ದ. ಮಾಮಾ ಬಸ್ ಸ್ಟ್ಯಾಂಡಿಗೆ ಹೋಗಿ, ಕೂಸನ್ನು ಇಳಿಸಿಕೊಳ್ಳುವವರ ಹಾಗೆ ಅದನ್ನು ಎರಡೂ ಕೈಯಲ್ಲಿ ಇಳಿಸಿಕೊಳ್ಳುತ್ತಿದ್ದರು.

ಮನೆಯಲ್ಲಿ ಯಾವಾಗಲೂ ಹಿಂದೆ ಉಳಿಯುತ್ತಿದ್ದವಳು ಅತ್ತೆ. ಮದುವೆಯಾದ ಹೊಸತರಲ್ಲಿ ಮಾಮಾನ ತಾಯಿ ಹಾಸಿಗೆ ಹಿಡಿದಿದ್ದರಂತೆ. ಯಾರಾದರೂ ಮನೆಯಲ್ಲಿರಬೇಕಿತ್ತು. ಆ ಮೊದಲ ವರ್ಷ ಹೊಸ ಹೆಂಡತಿಯ ಮುಖ ಸಣ್ಣದಾದದ್ದನ್ನು ನೋಡಿ ಮಾಮಾ ಹೇಳಿದರಂತೆ, "ನಿನ್ನ ಕೆಂಪು ಸೀರೆ ಹೊರಗೆ ಹಗ್ಗದ ಮೇಲೆ ಹಾಕು. ನಾನು ಅಲ್ಲಿಂದ ನೋಡ್ತೆ." ಅತ್ತೆ ಹಾಕಿದಳು. ಸಂಜೆ ಅವರು ಬಂದ ಕೂಡಲೇ ಕೇಳಿದಳು, "ಕಂಡಿತಾ?"

"ಕಾಣ್ತದೆ" ಎಂದರಂತೆ ಮಾಮಾ.

ಆಮೇಲೆ ಅದೊಂದು ಪದ್ಧತಿಯೇ ಆಗಿಹೋಯಿತು. ಹಾಸಿಗೆ ಹಿಡಿದವರು ತೀರಿಕೊಂಡ ಮೇಲೂ ಅತ್ತೆ ಹೋಗಲಿಲ್ಲ. ಮಾಮಾ, "ನಿಂಗೆ ದೋಣಿ ಆಗೂದಿಲ್ಲ, ಹೊಟ್ಟೆ ತೊಳಸ್ತದೆ, ಬ್ಯಾಡ" ಎನ್ನುತ್ತಿದ್ದರು. ಅವಳೂ ಒಪ್ಪಿಕೊಂಡಿದ್ದಳು. ಸೀರೆಗಳು ಹಳತಾಗಿ ಹರಿದವು, ಹೊಸ ಕೆಂಪು ಬಂತು. ಪುಷ್ಯ ಹುಣ್ಣಿಮೆಯ ಬೆಳಿಗ್ಗೆ ಅಂಗಳದ ತೆಂಗಿನಮರದಿಂದ ಬಾವಿಯ ಕಂಬದ ತನಕ ಎಳೆದ ಹಗ್ಗದ ಮೇಲೆ ಉದ್ದಕ್ಕೆ ಬಿಡಿಸಿದ ಸೀರೆ. ಆ ಅಂಗಳದಿಂದ, ಗಾಳಿಮರಗಳ ಸಂದಿಯಲ್ಲಿ ದ್ವೀಪ ಕಾಣುತ್ತದೆ. ಅತ್ತೆ ಕೆಲಸದ ನಡುನಡುವೆ ಬಂದು ಆ ಕಡೆ ನೋಡಿ, ಸೀರೆಯ ಸುಕ್ಕು ತೆಗೆದು ಹೋಗುತ್ತಿದ್ದಳು. ಯಾರೋ ನೋಡುತ್ತಿರುವಾಗ ನಾವು ಕೂದಲು ಸರಿಮಾಡಿಕೊಳ್ಳುವುದಿಲ್ಲವೇ, ಹಾಗೆ.

ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಮಾಮಾ ನನ್ನನ್ನು ದ್ವೀಪದ ಒಂದು ಬಂಡೆಯ ಮೇಲೆ ಎತ್ತಿ ನಿಲ್ಲಿಸಿದರು. "ನೋಡು, ಅತ್ತೆಯ ಸೀರೆ." ನನಗೆ ಕಂಡದ್ದು ನೀರು, ದೋಣಿಗಳು, ಒಂದು ಹದ್ದು. "ಕಾಣ್ತದಾ?" ಎಂದು ಕೇಳಿದರು. ಸುತ್ತ ನಿಂತವರೆಲ್ಲ ಏನೇನೋ ನೋಡುತ್ತಿದ್ದರು, ನನಗೊಬ್ಬಳಿಗೆ ಕಾಣದಿದ್ದರೆ ಮರ್ಯಾದೆ ಅಲ್ಲವೆಂದು ನಾನೂ "ಕಾಣ್ತದೆ" ಎಂದೆ. ಮಾಮಾ ಬಹಳ ನಕ್ಕರು. ಆಗಲೇ ಬೆಂಡು ಬತ್ತಾಸು ಸಿಕ್ಕಿದ್ದು.

ಇಲ್ಲಿ ನಿಲ್ಲಿಸಿ ಒಂದು ಮಾತು ಹೇಳಬೇಕು. ಘಟ್ಟದ ಮೇಲಿನವರಿಗೆ ನಮ್ಮ ಕಡೆಯ "ಕಾಣ್ತದೆ" ಸ್ವಲ್ಪ ತೊಡಕು. ನಾವು ಕಣ್ಣಿಗೆ ಕಂಡದ್ದಕ್ಕೂ ಕಾಣ್ತದೆ ಎನ್ನುತ್ತೇವೆ, ಇದ್ದರೂ ಇರಬಹುದು ಎನ್ನುವುದಕ್ಕೂ ಕಾಣ್ತದೆ ಎನ್ನುತ್ತೇವೆ. "ಮಳೆ ಬರ್ತದೆ ಕಾಣ್ತದೆ." "ಬಸ್ಸು ಹೋಯ್ತು ಕಾಣ್ತದೆ." ಒಮ್ಮೆ ಧಾರವಾಡದಿಂದ ಬಂದಿದ್ದ ಲೆಕ್ಕ ತನಿಖೆಯವರು "ಫೈಲು ಎಲ್ಲಿದೆ?" ಎಂದು ಕೇಳಿದಾಗ ಗಣಪಣ್ಣ "ಕಪಾಟಿನಲ್ಲಿ ಉಂಟು ಕಾಣ್ತದೆ" ಎಂದರು. ಆ ಪುಣ್ಯಾತ್ಮರು ಕಪಾಟಿನ ಗಾಜಿಗೆ ಮೂಗು ಒತ್ತಿ, "ಎಲ್ರೀ ಕಾಣ್ತದ? ನನಗೇನೂ ಕಾಣವಲ್ದು" ಎಂದು ಬಹಳ ಹೊತ್ತು ಹುಡುಕಿದರು. ಮಾಮಾನ ಮನೆಮಾತು ಕೊಂಕಣಿ. ಅದರ "ದಿಸ್ತಾ" ಎಂಬ ಮಾತಿಗೂ ಇವೇ ಎರಡು ಮುಖ. ಅತ್ತೆ ಅಂಕೋಲೆಯ ಕಡೆಯ ಕನ್ನಡದವಳು. ಗಂಡ ಹೆಂಡಿರದು ಅರ್ಧ ಅದು, ಅರ್ಧ ಇದು. ಪ್ರತಿವರ್ಷ ಸಂಜೆ ಅವಳು ಕೇಳುವುದು, ಅವರು ಕಾಲು ತೊಳೆಯುತ್ತ "ದಿಸ್ತಾ ಗೋ, ದಿಸ್ತಾ, ಕಾಣ್ತದೆ" ಎನ್ನುವುದು, ಅವಳು ಪ್ರಸಾದ ಹಂಚಲು ಹೊರಡುವುದು. ಯಾವ ಮುಖದ ಕಾಣ್ತದೆ ಎಂದು ಯಾರೂ ಕೇಳಲಿಲ್ಲ.

ಮಾಮಾ ತೀರಿಕೊಂಡದ್ದು ಹಿಂದಿನ ಮಳೆಗಾಲಕ್ಕಿಂತ ಹಿಂದಿನ ಮಳೆಗಾಲದಲ್ಲಿ. ಅದರ ಮುಂದಿನ ಪುಷ್ಯ ಹುಣ್ಣಿಮೆಗೆ ಅತ್ತೆ ಸೀರೆ ಹಾಕಲಿಲ್ಲ. ನಾನು ಈ ವರ್ಷದ ರಜೆಯ ಯಾದಿ ಟೈಪು ಮಾಡುತ್ತಿದ್ದಾಗ ಫೋನು ಮಾಡಿದಳು.

"ತಂಗೀ, ಈ ಸಲ ನನ್ನೂ ಗಡಕ್ಕೆ ಕರ್ಕೊಂಡು ಹೋಗ್ತ್ಯಾ?"

"ಹರಕೆ ಉಂಟಾ ಅತ್ತೆ?"

"ಹರಕೆ ಎಂತದೂ ಇಲ್ಲ. ಅಲ್ಲಿಂದ ನಮ್ಮನೆ ಹ್ಯಾಗೆ ಕಾಣ್ತದೆ ನೋಡ್ಬೇಕು. ಅವರು ಇಷ್ಟು ವರ್ಷ ನೋಡಿದ್ದು ನಾ ಒಂದು ಸಲ ನೋಡ್ಬೇಕು. ದೇವರು ಹೆಂಗೂ ಅಲ್ಲೇ ಇರ್ತ."

ನಾನು ತಕ್ಷಣ ಒಪ್ಪಿದೆ. ಒಂದು ಸಾಂದರ್ಭಿಕ ರಜೆ ಬರೆದೆ, ಕಾರಣದ ಜಾಗದಲ್ಲಿ ಹೊಟ್ಟೆನೋವು ಎಂದು ಬರೆಯದೆ ಧೈರ್ಯವಾಗಿ "ಜಾತ್ರೆ" ಎಂದೇ ಬರೆದೆ. ದೋಣಿ ಎಷ್ಟು ಹೊತ್ತಿಗೆ, ಉಬ್ಬರ ಎಷ್ಟು ಹೊತ್ತಿಗೆ, ಅತ್ತೆಯ ಮಾತ್ರೆ ಎಷ್ಟು ಹೊತ್ತಿಗೆ, ಎಲ್ಲ ಗುರುತು ಹಾಕಿಕೊಂಡೆ. ಒಂದನ್ನು ಮಾತ್ರ ಯೋಚಿಸಲಿಲ್ಲ. ಆ ಬಂಡೆಯ ಮೇಲಿಂದ ನನಗೆ ಏನೂ ಕಂಡಿರಲಿಲ್ಲ ಎನ್ನುವುದನ್ನು.

ನಿನ್ನೆ ಬೆಳಿಗ್ಗೆ ಅತ್ತೆ ಮಿಂದು, ಕೆಂಪು ಸೀರೆ ತಂದು ಹಗ್ಗದ ಮೇಲೆ ಬಿಡಿಸತೊಡಗಿದಳು.

"ಅಲ್ಲ ಅತ್ತೆ, ಇವತ್ತು ಎಂತಕ್ಕೆ? ನೋಡೂದಕ್ಕೆ ಹೋಗೋಳು ನೀನೇ ಅಲ್ವಾ?"

"ಅದಕ್ಕೇ ಮಾರಾಯ್ತಿ ಹಾಕೂದು. ಸೀರೆ ಇಲ್ದೆ ನಾ ಅಲ್ಲಿ ಹೋಗಿ ಎಂತ ನೋಡ್ಲಿ, ತೆಂಗಿನಮರವಾ?"

ನಾನು ಕ್ಲಿಪ್ಪುಗಳನ್ನು ಕೈಯಲ್ಲಿ ಹಿಡಿದು ಒಂದೊಂದೇ ಕೊಡುತ್ತ ನಿಂತೆ. ಅಷ್ಟರಲ್ಲಿ ಹೊರಗೆ ರಿಕ್ಷಾದವನು ಹಾರ್ನ್ ಬಾರಿಸಿದ. ಗಡಿಬಿಡಿಯಲ್ಲಿ ನಾನು ಒಳಗೆ ಓಡಿ ಚೀಲಕ್ಕೆ ಟವೆಲು ತುರುಕಿದೆ. ಈಗ ನಿಮಗೆ ಗೊತ್ತಾಗಿರಬೇಕು, ಟವೆಲಿನ ಜೊತೆ ಇನ್ನೇನು ಹೋಯಿತೆಂದು.

ಪಕ್ಕದ ಮನೆಯ ರೋಜಿಬಾಯಿ ಬೇಲಿಯ ಹತ್ತಿರ ನಿಂತಿದ್ದಳು. ಅತ್ತೆ ಅವಳಿಗೆ, "ಸೀರೆ ಗಾಳಿಗೆ ಹಾರದ ಹಾಗೆ ನೋಡ್ತ್ಯಾ ರೋಜಿ?" ಎಂದಳು.

"ನೀವು ಹೋಗಿ ಬನ್ನಿ ಗಿರಿಜಾಬಾಯಿ. ನಮ್ಮ ಅಮ್ಮ ಅಂಜದೀವ ದ್ವೀಪದ ಇಗರ್ಜಿಗೆ, ಚರ್ಚಿನ ಹಬ್ಬಕ್ಕೆ ಹೋಗ್ತಿದ್ಳು. ಈಗ ಅದು ನೇವಿಯವರದ್ದು, ಅಲ್ಲಿಗೆ ಹೋಗೋ ಹಾಗಿಲ್ಲ. ನಿಮ್ಮ ದ್ವೀಪಕ್ಕಾದ್ರೂ ಹೋಗ್ಬಹುದಲ್ಲ, ಹೋಗಿ. ನಿಮ್ಮ ದೇವರ ಹತ್ರ ನಂದೂ ಒಂದು ನಮಸ್ಕಾರ ಹೇಳಿ."

ದೋಣಿಯಲ್ಲಿ ಎಲ್ಲರಿಗೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು ತೊಡಿಸಿದರು. ಸೀರೆಯ ಮೇಲೆ ಅದನ್ನು ಬಿಗಿದುಕೊಂಡ ಅತ್ತೆ, "ಇದ್ರಲ್ಲಿ ನಾ ಹಲಸಿನಹಣ್ಣಿನ ಹಾಗೆ ಕಾಣ್ತೆ" ಎಂದಳು. ದೋಣಿ ನದಿಯ ಬಾಯಿ ದಾಟಿ ಅಲೆಗೆ ಸಿಕ್ಕಿತು. ನಾನು ಅವಳಿಗೆಂದು ತಂದ ನಿಂಬೆಹಣ್ಣು, ಪ್ಲಾಸ್ಟಿಕ್ ಚೀಲ ಎಲ್ಲ ಸಿದ್ಧವಾಗಿ ಹಿಡಿದುಕೊಂಡಿದ್ದೆ. ವಾಂತಿ ಮಾಡಿದವಳು ನಾನು. ಅತ್ತೆ ಒಂದು ಕೈಯಲ್ಲಿ ಬಾಳೆಗೊನೆ, ಇನ್ನೊಂದು ಕೈಯಲ್ಲಿ ನನ್ನ ಬೆನ್ನು ಹಿಡಿದು, ಹುಟ್ಟಿದಂದಿನಿಂದ ದೋಣಿಯಲ್ಲೇ ಇದ್ದವಳ ಹಾಗೆ ನಗುನಗುತ್ತ ಕೂತಿದ್ದಳು.

"ನಂಗೆ ದೋಣಿ ಆಗ್ತದಲ್ಲೇ!" ಎಂದಳು. ತನಗೇ ಯಾರೋ ಹೊಸ ಸುದ್ದಿ ಹೇಳಿದಂತೆ. ಆಮೇಲೆ ತಿರುಗಿ, ಬಿಟ್ಟುಬಂದ ದಡದ ಕಡೆ ನೋಡಿದಳು.

ಗುಡಿಯಲ್ಲಿ ನೂಕುನುಗ್ಗಲು. ಗೊನೆ ಒಪ್ಪಿಸಿ, ಪ್ರಸಾದ ತಕ್ಕೊಂಡು, ರೋಜಿಬಾಯಿಯ ನಮಸ್ಕಾರವನ್ನೂ ತಲುಪಿಸಿ ಹೊರಗೆ ಬಂದ ಮೇಲೆ ಅತ್ತೆ, "ನಡಿ, ಅವರು ನಿಲ್ತಿದ್ದ ಜಾಗ ತೋರ್ಸು" ಎಂದಳು.

ಬಂಡೆ ಸಿಕ್ಕಿತು. ನನ್ನ ನೆನಪಿನಷ್ಟು ದೊಡ್ಡದಿರಲಿಲ್ಲ. ಅದರ ಮೇಲೆ ನಿಂತರೆ ಎದುರಿಗೆ ಬರೀ ಕಡಲು, ದೂರದಲ್ಲಿ ಬೇರೆ ದೋಣಿಗಳು. ಕೋಡಿಬಾಗ ಎಲ್ಲಿರಬೇಕೋ ಅಲ್ಲಿ ದ್ವೀಪದ್ದೇ ಗುಡ್ಡ ಅಡ್ಡ ನಿಂತಿತ್ತು. ನಾನು ಇನ್ನೂ ಸ್ವಲ್ಪ ಆಚೆ, ಇನ್ನೂ ಸ್ವಲ್ಪ ಮೇಲೆ ಹೋಗಿ ನೋಡಿದೆ. ಫೋನಿನಲ್ಲಿ ನಕ್ಷೆ ತೆಗೆದೆ. ಅತ್ತೆಯ ಅಂಗಳಕ್ಕೂ ಈ ಬಂಡೆಗೂ ಬೆರಳಿನಿಂದ ಗೆರೆ ಎಳೆದೆ. ಗೆರೆ ನೆಟ್ಟಗೆ ಗುಡ್ಡದ ಮೇಲೆ ಹಾಯ್ದು ಹೋಯಿತು. ಅತ್ತೆ ಇಷ್ಟು ವರ್ಷ ತನ್ನ ಅಂಗಳದಿಂದ ನೋಡುತ್ತಿದ್ದದ್ದು ಆಮೆಯ ಬೆನ್ನಿನ ಆ ಬದಿ. ಅಲ್ಲಿ ದಾರಿಯಿಲ್ಲ, ಬರೀ ಕಲ್ಲು, ಮುಳ್ಳುಕಂಟಿ. ಗುಡಿ, ದೋಣಿ ತಾಗುವ ಜಾಗ, ಜನ ನಿಲ್ಲುವ ಜಾಗ ಎಲ್ಲ ಈ ಬದಿ. ಇಲ್ಲಿ ನಿಂತವರಿಗೆ ಅವಳ ಸೀರೆ ಒಂದು ದಿನವೂ ಕಂಡಿರಲು ಸಾಧ್ಯವಿಲ್ಲ.

ನನಗೆ ಆ ಕ್ಷಣ ಏನನ್ನಿಸಿತು ಗೊತ್ತೇ? ಸಂತೋಷ. ಲೆಕ್ಕ ತಾಳೆಯಾದಾಗ ಆಗುತ್ತದಲ್ಲ, ಆ ಸಂತೋಷ. "ಅತ್ತೆ, ಇಲ್ಲಿ ನೋಡು, ಇಲ್ಲಿಂದ ನಮ್ಮನೆ..." ಎಂದು ಫೋನು ಚಾಚಿಕೊಂಡು ತಿರುಗಿಯೂ ಬಿಟ್ಟೆ. ಅವಳು ಬಂಡೆಯ ಮೇಲೆ, ಇನ್ನೂ ಬಿಚ್ಚದ ಕಿತ್ತಳೆ ಜಾಕೆಟ್ಟಿನಲ್ಲಿ, ಹುಬ್ಬಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು.

"ಸುಮ್ನಿರು" ಎಂದಳು.

ಬಹಳ ಹೊತ್ತು ನೋಡಿದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಬೆನ್ನ ಹಿಂದಿನ ಗುಡ್ಡವನ್ನೂ ಒಮ್ಮೆ ತಿರುಗಿ ನೋಡಿದಳು. ಆಮೇಲೆ ಮತ್ತೆ ಕಡಲಿಗೆ ಮುಖ ಮಾಡಿದಳು.

"ಕಾಣ್ತದೆ" ಎಂದಳು.

ನಾನು ಅವಳ ಬೆರಳಿನ ದಿಕ್ಕು ಹಿಡಿದು ನೋಡಿದೆ. ನೀರು.

"ಅಲ್ಲಿ. ಕೆಂಪು. ನಿಂಗೆ ಕಾಣ್ತದಾ?"

ಮೂರನೆಯ ಇಯತ್ತೆಯ ಉತ್ತರವನ್ನೇ ಕೊಟ್ಟೆ. ಬೆಂಡು ಬತ್ತಾಸು ಈ ಸಲ ನಾನು ಅವಳಿಗೆ ಕೊಡಿಸಿದೆ. ಅವಳು ತಿನ್ನಲಿಲ್ಲ, ಸೆರಗಿಗೆ ಕಟ್ಟಿಕೊಂಡಳು.

ಹಿಂದಿರುಗುವ ದೋಣಿಯಲ್ಲಿ ನನಗೆ ಹೊಟ್ಟೆ ತೊಳಸಲಿಲ್ಲ. ತೊಳಸಿದ್ದರೆ ಒಳ್ಳೆಯದಿತ್ತು, ಯೋಚಿಸುವುದು ತಪ್ಪುತ್ತಿತ್ತು. ದೋಣಿ ಆಗುವುದಿಲ್ಲ ಎಂದು ಮಾಮಾ ಅವಳನ್ನು ಇಷ್ಟು ವರ್ಷ ಯಾಕೆ ಬಿಟ್ಟುಬಂದರು ಎಂದು ಈಗ ತಿಳಿಯಿತು. ಮೊದಲ ವರ್ಷ ಒಂದು ಮಾತು ಹೇಳಿಬಿಟ್ಟರು, ಹೊಸ ಹೆಂಡತಿಯ ಮುಖ ಅರಳಲೆಂದು. ಅರಳಿತು. ಅದು ಬಾಡದಿರಲೆಂದು ಪ್ರತಿವರ್ಷ ಅದನ್ನೇ ಹೇಳಬೇಕಾಯಿತು, ಅವಳನ್ನು ದ್ವೀಪದಿಂದ ದೂರವೇ ಇಡಬೇಕಾಯಿತು. ಇಷ್ಟು ಚೆನ್ನಾಗಿ ದೋಣಿಯಲ್ಲಿ ಕೂರಬಲ್ಲವಳು, ದಿನಾ ಕಣ್ಣೆದುರಿಗಿದ್ದ ಹಬ್ಬಕ್ಕೆ ಒಂದು ಸಲವೂ ಗಂಡನ ಜೊತೆ ಹೋಗಲಿಲ್ಲ. ಒಳ್ಳೆಯ ಮಾತಿಗೂ ಇಷ್ಟು ಖರ್ಚು ಬರುತ್ತದೆಯೇ? ಮಾಮಾ ಇರುವಾಗಲೇ ನಾನಾದರೂ ಹಟ ಮಾಡಿ ಅವಳನ್ನು ಎಳೆದುಕೊಂಡು ಹೋಗಿದ್ದರೆ, ಇಬ್ಬರೂ ಆ ಬಂಡೆಯ ಮೇಲೆ ನಿಂತು ಜಗಳವಾಡಿ, ನಕ್ಕು, ಮುಗಿಸಿಬಿಡುತ್ತಿದ್ದರು. ಈಗ ಜಗಳವಾಡಲು ಅವಳಿಗೆ ಯಾರಿದ್ದಾರೆ?

ಮನೆಗೆ ಬಂದರೆ ಅಂಗಳದ ಹಗ್ಗ ಖಾಲಿ.

ರೋಜಿಬಾಯಿ ತನ್ನ ಜಗಲಿಯಿಂದ ಮಡಚಿದ ಸೀರೆ ಹಿಡಿದುಕೊಂಡು ಬಂದಳು. "ಎಂತ ಹೇಳೂದು ಗಿರಿಜಾಬಾಯಿ, ನೀವು ಹೋಗಿ ಸ್ವಲ್ಪ ಹೊತ್ತಿಗೇ ಗಾಳಿ ಎದ್ದಿತು. ಆ ತುದಿಗೆ ಕ್ಲಿಪ್ಪೇ ಇರ್ಲಿಲ್ಲ. ಹಾರಿ ಬಾವಿಕಟ್ಟೆ ಮೇಲೆ ಬಿತ್ತು, ಕೆಸರಾಯ್ತು. ತೊಳ್ದೆ, ಮತ್ತೆ ಹಾಕ್ದೆ, ಮತ್ತೆ ಬಿತ್ತು. ಆಮೇಲೆ ಒಳಗೇ ಒಣಗಿಸ್ದೆ." ಪಾಪ, ತಪ್ಪು ತನ್ನದೇ ಎನ್ನುವಂತೆ ನಿಂತಿದ್ದಳು. "ಬೀಳೂಕೆ ಮುಂಚೆ ಕಂಡಿತಾ ನಿಮ್ಗೆ?"

ನಾವು ದೋಣಿ ಹತ್ತುವ ಮುಂಚೆಯೇ ಸೀರೆ ನೆಲದ ಮೇಲಿತ್ತು. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಚಪ್ಪಲಿಯ ಮರಳು ಕೊಡವತೊಡಗಿದೆ. ಅತ್ತೆ ಸೀರೆಯನ್ನು ತಕ್ಕೊಂಡು ಎದೆಗೆ ಒತ್ತಿ ಹಿಡಿದಳು. ಒದ್ದೆಯಿದೆಯೋ ಎಂದು ಮೂಸಿ ನೋಡಿದಳು. ಆಮೇಲೆ ನಗತೊಡಗಿದಳು, ಮೊದಲು ಸಣ್ಣಗೆ, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು.

"ಅವರಿಗೂ ಹಿಂಗೇ ಕಂಡದ್ದು ಕಾಣ್ತದೆ" ಎಂದಳು.

ಸೆರಗಿನ ಗಂಟು ಬಿಚ್ಚಿ ಬೆಂಡು ಬತ್ತಾಸನ್ನು ರೋಜಿಬಾಯಿಯ ಕೈಗೆ ಹಾಕಿ, ಸೀರೆ ಹಿಡಿದುಕೊಂಡು ಒಳಗೆ ಹೋದಳು. ನಾನು ಬಸ್ಸಿಗೆ ಹೊರಡುವ ತನಕ ಆ ಮಾತು ಮತ್ತೆ ಬರಲಿಲ್ಲ. ಬಾಗಿಲ ತನಕ ಬಂದು, "ಬರೂ ವರ್ಷದ ಹುಣ್ಣಿಮೆ ಯಾವತ್ತು ಬರ್ತದೆ ನೋಡಿಡು" ಎಂದಳು, ಅಷ್ಟೇ. ಹೋಗಲಿಕ್ಕೋ, ಸೀರೆ ಹಾಕಲಿಕ್ಕೋ, ನಾನು ಕೇಳಲಿಲ್ಲ. ನೋಡಿಟ್ಟಿದ್ದೇನೆ.

ಈಗ ನೀಲಿ ಕ್ಲಿಪ್ಪು ಮೇಜಿನ ಮೇಲಿದೆ. ದಿನಚರಿಯಲ್ಲಿ ನಿನ್ನೆಯ ಪುಟಕ್ಕೆ ಎಲ್ಲವನ್ನೂ ಬರೆದೆ, ಹೋದದ್ದು, ಬಂದದ್ದು, ವಾಂತಿಯಾದದ್ದು. "ಮನೆ ಕಂಡಿತೇ" ಎಂಬುದರ ಮುಂದೆ ಇನ್ನೂ ಏನೂ ಬರೆದಿಲ್ಲ.

ನಿಮ್ಮಲ್ಲಿ ಎಷ್ಟೋ ಜನ ಪುಷ್ಯ ಹುಣ್ಣಿಮೆಗೆ ಆ ದ್ವೀಪಕ್ಕೆ ಹೋಗಿ ಬಂದವರಿರಬಹುದು. ನನ್ನ ನಕ್ಷೆ, ನನ್ನ ಬೆರಳಿನ ಗೆರೆ ತಪ್ಪಿರಬಹುದು. ಬಂಡೆಯೇ ಬೇರೆಯಿರಬಹುದು. ಮುಳ್ಳುಕಂಟಿ ದಾಟಿ ಗುಡ್ಡದ ಆ ಬದಿಗೆ ಹೋಗುವ ಒಂದು ಕಾಲುದಾರಿ ನನಗೆ ಗೊತ್ತಿಲ್ಲದೆ ಇರಬಹುದು, ಐಸ್ ಕಾರ್ಖಾನೆಯ ಒಬ್ಬ ಮನುಷ್ಯ ವರ್ಷಕ್ಕೊಮ್ಮೆ ಒಬ್ಬನೇ ಆ ಕಡೆ ಹೋಗಿ ನಿಲ್ಲುವುದನ್ನು ಯಾರಾದರೂ ನೋಡಿರಬಹುದು. ಅಂಥ ದಾರಿ ಬಲ್ಲವರು, ಅಲ್ಲಿಂದ ಕೋಡಿಬಾಗದ ಗಾಳಿಮರಗಳ ಸಂದಿಯಲ್ಲಿ ಎಂದಾದರೂ ಒಂದು ಕೆಂಪು ಚುಕ್ಕೆ ಕಂಡವರು ದಯವಿಟ್ಟು ಬರೆಯಿರಿ, ಅತ್ತೆಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ಅಂಥ ದಾರಿ ಇಲ್ಲವೇ ಇಲ್ಲ ಎಂದು ಖಂಡಿತ ಗೊತ್ತಿರುವವರೂ ಬರೆಯಿರಿ. ಆದರೆ ಕೊನೆಗೊಂದು "ಕಾಣ್ತದೆ" ಸೇರಿಸಿ.